ರೆಬೆಕ್ಕ ಲ್ಯಾನ್ಸ್‌ಫೀಲ್ಡ್ ಅಮ್ಮನವರು

ಗಂಟಲು ನೋವೆಂಬುದು ಯಾವ ಮನೆಯವರೂ ಅರಿಯದ ವ್ಯಾಧಿಯಲ್ಲ. ಮಕ್ಕಳ ಗಂಟಲು ಕೆಂಪಾಗಿ, ಜ್ವರ ಬಂದು, ನಾಲ್ಕೈದು ದಿನಗಳಲ್ಲಿ ಇಳಿದುಹೋಗುವುದನ್ನು ಪ್ರತಿಯೊಬ್ಬ ತಾಯಿಯೂ ಕಂಡಿರುವಳು. ಆದರೆ ಅಪರೂಪವಾಗಿ, ಜ್ವರವಿಳಿದ ಎರಡು ಮೂರು ವಾರಗಳ ತರುವಾಯ, ಮಗುವಿನ ಕೀಲುಗಳು ಊದಿ, ಎದೆಯು ಡವಗುಟ್ಟಿ, ಹೃದಯದ ಕವಾಟಗಳು ಬಾಳಿನುದ್ದಕ್ಕೂ ಕೆಟ್ಟುಹೋಗುವುದುಂಟು. ಇದಕ್ಕೆ ರುಮ್ಯಾಟಿಕ್ ಜ್ವರವೆಂದು ಹೆಸರು. ಈ ಕೇಡಿಗೆ ಮೂಲವಾದ ಕ್ರಿಮಿ ಯಾವುದು, ಅದರ ವಿಧಗಳೆಷ್ಟು, ಅದು ತನ್ನ ಮೈಮೇಲಿನ ಯಾವ ಪದಾರ್ಥದ ಬಲದಿಂದ ನಮ್ಮ ರಕ್ತದ ಕಾವಲನ್ನು ತಪ್ಪಿಸಿಕೊಳ್ಳುತ್ತದೆ ಎಂಬೀ ಪ್ರಶ್ನೆಗಳಿಗೆ ಉತ್ತರವನ್ನು ಅರಸುವುದರಲ್ಲಿಯೇ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬ ಮಹಿಳೆಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಲುದ್ದೇಶಿಸಿದೆ. ಅವರು ಯುದ್ಧಗಳನ್ನು ಗೆದ್ದವರಲ್ಲ, ಸಭೆಗಳಲ್ಲಿ ಗುಡುಗಿದವರೂ ಅಲ್ಲ. ಗಾಜಿನ ನಳಿಗೆಗಳ ನಡುವೆ ಕುಳಿತು, ಕಣ್ಣಿಗೆ ಕಾಣದುದನ್ನು ಬುದ್ಧಿಯಿಂದ ಕಂಡವರು. ಅವರು ಹಾಗೆ ಕಂಡುದು ನಿಜವೆಂದು ಮುಂದೆ ಕಣ್ಣಿಗೂ ಕಾಣುವ ಕಾಲವು ಅವರು ಬದುಕಿರುವಾಗಲೇ ಬಂದಿತು.

ಜನನ ಮತ್ತು ವಿದ್ಯಾಭ್ಯಾಸ

ರೆಬೆಕ್ಕ ಕ್ರೇಗ್‌ಹಿಲ್ ಅವರು 1895ನೆಯ ಇಸವಿ ಜನವರಿ 5ರಂದು ಅಮೇರಿಕದ ನ್ಯೂಯಾರ್ಕ್ ಪಟ್ಟಣಕ್ಕೆ ಸೇರಿದ ಸ್ಟೇಟನ್ ದ್ವೀಪದಲ್ಲಿರುವ ವಾಡ್ಸ್‌ವರ್ತ್ ಕೋಟೆಯಲ್ಲಿ ಜನಿಸಿದರು. ತಂದೆಯವರಾದ ವಿಲಿಯಂ ಕ್ರೇಗ್‌ಹಿಲ್ ಎಂಬವರು ಸೈನ್ಯದ ಇಂಜಿನಿಯರರ ವಿಭಾಗದಲ್ಲಿ ಅಧಿಕಾರಿಗಳಾಗಿದ್ದರು. ತಾಯಿಯವರ ಹೆಸರು ಮೇರಿ ವರ್ಟ್ಲಿ ಮಾಂಟೆಗ್ಯೂ ಬೈರಂ ಎಂದಿದ್ದಿತು. ಈ ಹೆಸರಿನಲ್ಲಿ ಒಂದು ವಿಶೇಷವುಂಟು. ಹದಿನೆಂಟನೆಯ ಶತಮಾನದಲ್ಲಿ ತುರ್ಕಿ ದೇಶದ ಸ್ತ್ರೀಯರು ಸಿಡುಬಿನ ಹಾಲನ್ನು ಮೈಗೆ ಚುಚ್ಚಿ ಮಕ್ಕಳನ್ನು ಆ ವ್ಯಾಧಿಯಿಂದ ಕಾಪಾಡುತ್ತಿದ್ದುದನ್ನು ಕಂಡು, ಆ ಪದ್ಧತಿಯನ್ನು 1721ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಸ್ವಂತ ಮಗಳ ಮೇಲೆಯೇ ನಡೆಯಿಸಿ ತೋರಿಸಿದ ಧೀರಳಾದ ಲೇಡಿ ಮೇರಿ ವರ್ಟ್ಲಿ ಮಾಂಟೆಗ್ಯೂ ಎಂಬಾಕೆಯ ಹೆಸರೇ ಈ ತಾಯಿಗೂ ಇದ್ದಿತು. ದೇಹವು ವ್ಯಾಧಿಯೊಡನೆ ಹೋರಾಡುವ ಬಗೆಯನ್ನು ಅರಿಯುವುದೇ ಆಕೆಯ ಮಗಳ ಜೀವಮಾನದ ಕೆಲಸವಾದುದು ಸೋಜಿಗವಲ್ಲವೆ?

ಆ ಮನೆಯಲ್ಲಿ ಹೆಣ್ಣುಮಕ್ಕಳು ಹಲವರಿದ್ದರು. ತಂದೆಯವರ ಉದ್ಯೋಗದ ನಿಮಿತ್ತ ಊರಿಂದೂರಿಗೆ ವರ್ಗವಾಗುವುದು ಸಾಮಾನ್ಯವಾಗಿದ್ದರೂ ಮಕ್ಕಳ ವಿದ್ಯೆಗೆ ಕೊರತೆಯುಂಟಾಗಲಿಲ್ಲ. ರೆಬೆಕ್ಕ ಅವರು 1912ರಲ್ಲಿ ವೆಲ್ಸ್ಲಿ ಎಂಬ ಪ್ರಸಿದ್ಧ ಸ್ತ್ರೀ ಕಾಲೇಜನ್ನು ಸೇರಿದರು. ಮೊದಲು ಅವರು ಕಲಿಯಬೇಕೆಂದಿದ್ದುದು ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳನ್ನು. ಆದರೆ ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದ ಗೆಳತಿಯು ಜೀವಶಾಸ್ತ್ರದ ಪಾಠವನ್ನು ಕಲಿಯುತ್ತಿದ್ದಳು. ಆಕೆಯ ಪುಸ್ತಕಗಳನ್ನೂ ಚಿತ್ರಗಳನ್ನೂ ನೋಡಿನೋಡಿ ಇವರಿಗೆ ಆ ಶಾಸ್ತ್ರದಲ್ಲಿ ಆಸಕ್ತಿ ಹುಟ್ಟಿತು. ಭಾಷೆಗಳನ್ನು ಬಿಟ್ಟು ಪ್ರಾಣಿಶಾಸ್ತ್ರವನ್ನು ಹಿಡಿದು, ರಸಾಯನಶಾಸ್ತ್ರವನ್ನೂ ಸಾಕಷ್ಟು ಕಲಿತು, 1916ರಲ್ಲಿ ಪದವಿಯನ್ನು ಪಡೆದರು. ವಸತಿಗೃಹದ ಒಂದು ಗೆಳೆತನವು ಮನುಷ್ಯರ ಜೀವಿತವನ್ನೇ ತಿರುಗಿಸಬಲ್ಲದೆಂಬುದು ವಸತಿಶಾಲೆಯಲ್ಲಿ ಬೆಳೆದವರಿಗೆ ಹೊಸ ಮಾತಲ್ಲ.

ಪದವಿ ದೊರೆತ ಮೇಲೆ ಅವರು ವರ್ಮಾಂಟ್ ಪ್ರಾಂತ್ಯದ ಬರ್ಲಿಂಗ್ಟನ್ ಊರಿನಲ್ಲಿದ್ದ ಒಂದು ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಒಂದು ವರುಷ ಉಪಾಧ್ಯಾಯಿನಿಯಾಗಿದ್ದರು. ಸಂಬಳವು ಅಲ್ಪವಾಗಿದ್ದರೂ ಅದರಲ್ಲಿಯೇ ಮುಂದಿನ ವಿದ್ಯಾಭ್ಯಾಸಕ್ಕೆಂದು ಹಣವನ್ನು ಕೂಡಿಟ್ಟರು. ಇದರೊಡನೆ ಸೈನ್ಯಾಧಿಕಾರಿಗಳ ಹೆಣ್ಣುಮಕ್ಕಳಿಗಾಗಿ ಮೀಸಲಾಗಿದ್ದ ಒಂದು ವಿದ್ಯಾರ್ಥಿವೇತನವೂ ದೊರೆಯಲಾಗಿ, ನ್ಯೂಯಾರ್ಕಿನ ಕೊಲಂಬಿಯ ವಿಶ್ವವಿದ್ಯಾನಿಲಯವನ್ನು ಸೇರಿ, ಹಾನ್ಸ್ ಜಿನ್ಸರ್ ಎಂಬ ಹೆಸರಾಂತ ಪಂಡಿತರ ಕೆಳಗೆ ಕ್ರಿಮಿಶಾಸ್ತ್ರವನ್ನು ಅಭ್ಯಾಸಮಾಡಿ, 1918ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಅದೇ ವರುಷ, ಅದೇ ವಿಶ್ವವಿದ್ಯಾನಿಲಯದಲ್ಲಿ ಆನುವಂಶಿಕತೆಯ ಶಾಸ್ತ್ರವನ್ನು ಓದುತ್ತಿದ್ದ ಡೊನಾಲ್ಡ್ ಲ್ಯಾನ್ಸ್‌ಫೀಲ್ಡ್ ಎಂಬವರೊಡನೆ ಅವರ ವಿವಾಹವಾಯಿತು. ಅಂದಿನಿಂದ ಲೋಕವು ಅವರನ್ನು ಲ್ಯಾನ್ಸ್‌ಫೀಲ್ಡ್ ಎಂಬ ಹೆಸರಿನಿಂದಲೇ ಬಲ್ಲದು.

ಮೊದಲನೆಯ ಕೆಲಸ

ಆಗ ಪ್ರಥಮ ಮಹಾಯುದ್ಧವು ನಡೆಯುತ್ತಿದ್ದಿತು. ಅಮೇರಿಕದ ಟೆಕ್ಸಾಸ್ ಪ್ರಾಂತ್ಯದ ಸೈನಿಕ ಶಿಬಿರಗಳಲ್ಲಿ ದಡಾರದ ಬೆನ್ನಹಿಂದೆಯೇ ಘೋರವಾದ ಶ್ವಾಸಕೋಶದ ಉರಿಯೂತವು ಹಬ್ಬಿ, ಯುದ್ಧಭೂಮಿಯನ್ನು ಕಾಣುವ ಮೊದಲೇ ಅನೇಕ ಯುವಕರು ಸತ್ತರು. ಇದಕ್ಕೆ ಕಾರಣವಾದ ಕ್ರಿಮಿಯು ಸ್ಟ್ರೆಪ್ಟೊಕಾಕಸ್ ಎಂಬುದು. ಇದು ಗುಂಡಗಿರುವ ಅತಿ ಸಣ್ಣ ಜೀವಿ; ಒಂದು ಮಿಲಿಮೀಟರಿನ ಉದ್ದದಲ್ಲಿ ಸಾವಿರ ಕ್ರಿಮಿಗಳನ್ನು ಸಾಲಾಗಿ ಇಡಬಹುದು. ಇವು ಒಂದಕ್ಕೊಂದು ಅಂಟಿಕೊಂಡು ಮಣಿಸರದಂತೆ ಬೆಳೆಯುತ್ತವೆ. ರಕ್ತವನ್ನು ಬೆರಸಿದ ಮಾಧ್ಯಮದ ಮೇಲೆ ಇವನ್ನು ಬೆಳೆಯಿಸಿದರೆ ಕೆಲವು ಜಾತಿಗಳು ಸುತ್ತಲಿನ ರಕ್ತವನ್ನು ಕರಗಿಸಿ ತಿಳಿಯಾದ ವಲಯವನ್ನು ಮಾಡುತ್ತವೆ. ಬೇರೆ ಕೆಲವು ಹಸುರು ಬಣ್ಣವನ್ನುಂಟುಮಾಡುತ್ತವೆ.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಆಸ್ವಾಲ್ಡ್ ಏವರಿ ಮತ್ತು ಅಲ್ಫೋನ್ಸ್ ಡೋಷೆ ಎಂಬ ವೈದ್ಯ ಪಂಡಿತರು ಈ ಶಿಬಿರಗಳಿಂದ ತಂದ ಕ್ರಿಮಿಗಳನ್ನು ಪರೀಕ್ಷಿಸುತ್ತಿದ್ದರು. 1918ರಲ್ಲಿ ಲ್ಯಾನ್ಸ್‌ಫೀಲ್ಡ್ ಅಮ್ಮನವರು ಇವರಲ್ಲಿ ಸಹಾಯಕಿಯಾಗಿ ಸೇರಿದರು. ರಕ್ತವನ್ನು ಕರಗಿಸುವ ಸ್ಟ್ರೆಪ್ಟೊಕಾಕಸ್‌ಗಳೆಲ್ಲವೂ ಒಂದೇ ಬಗೆಯವೋ, ಅಥವಾ ಅವುಗಳಲ್ಲಿ ವಿಧಗಳುಂಟೋ ಎಂಬುದೇ ಪ್ರಶ್ನೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಒಂದೇ ತೆರನಾಗಿ ಕಾಣುತ್ತಿದ್ದುವು. ಅವಳಿ ಮಕ್ಕಳನ್ನು ತಾಯಿಯಾದರೂ ಗುರುತಿಸುವಳು. ಈ ಮಣಿಸರಗಳನ್ನು ಗುರುತಿಸುವವರಾರು?

ಇದಕ್ಕೆ ಪ್ರಕೃತಿಯಲ್ಲಿಯೇ ಒಂದು ಉಪಾಯವಿದೆ. ಅನ್ಯ ಕ್ರಿಮಿಯು ದೇಹವನ್ನು ಹೊಕ್ಕಾಗ ದೇಹವು ಅದರ ಮೈಮೇಲಿನ ಪದಾರ್ಥಕ್ಕೆ ಸರಿಯಾಗಿ ಹೊಂದುವ ಪ್ರತಿಕಾಯಗಳೆಂಬ ವಸ್ತುಗಳನ್ನು ರಕ್ತದಲ್ಲಿ ನಿರ್ಮಿಸುತ್ತದೆ. ಬೀಗಕ್ಕೆ ಬೀಗದ ಕೈ ಹೊಂದುವಂತೆ, ಒಂದೊಂದು ಪ್ರತಿಕಾಯವು ತನಗೆ ತಕ್ಕ ಪದಾರ್ಥವನ್ನೇ ಹಿಡಿಯುತ್ತದೆ, ಬೇರೆಯದನ್ನು ಮುಟ್ಟುವುದಿಲ್ಲ. ಸತ್ತ ಕ್ರಿಮಿಗಳನ್ನು ಮೊಲಕ್ಕೆ ಚುಚ್ಚಿ, ಕೆಲವು ವಾರಗಳ ಮೇಲೆ ಅದರ ರಕ್ತದ ತಿಳಿಯಾದ ದ್ರವವನ್ನು, ಅಂದರೆ ಸೀರಂ ಎಂಬುದನ್ನು ತೆಗೆದರೆ, ಆ ಸೀರಂ ಅಂಥ ಕ್ರಿಮಿಗಳನ್ನು ಗುರುತಿಸುವ ಸಾಧನವಾಗುವುದು. ಈ ಉಪಾಯದಿಂದ ಏವರಿ, ಡೋಷೆ ಮತ್ತು ಲ್ಯಾನ್ಸ್‌ಫೀಲ್ಡ್ ಅವರು ಶಿಬಿರಗಳ ಕ್ರಿಮಿಗಳಲ್ಲಿ 4 ಬೇರೆಬೇರೆ ವಿಧಗಳಿರುವುದನ್ನು ತೋರಿಸಿಕೊಟ್ಟರು. 1919ರಲ್ಲಿ ಪ್ರಕಟವಾದ ಆ ಲೇಖನದಲ್ಲಿ ಸಹಾಯಕಿಯ ಹೆಸರನ್ನೂ ಪಂಡಿತರ ಹೆಸರುಗಳೊಡನೆ ಸೇರಿಸಿದ್ದರು. ಆ ಕಾಲದಲ್ಲಿ ಇಂಥ ಗೌರವವು ಸಹಾಯಕರಿಗೆ ದೊರೆಯುವುದು ಅಪರೂಪವಾಗಿದ್ದಿತು.

ಅಲೆದಾಟದ ವರುಷಗಳು

ಯುದ್ಧವು ಮುಗಿಯಲು ಅದಕ್ಕಾಗಿ ದೊರೆಯುತ್ತಿದ್ದ ಹಣವೂ ನಿಂತಿತು. ಹಣವು ನಿಲ್ಲಲು ಕೆಲಸವೂ ನಿಂತಿತು. ಅಮ್ಮನವರು ಧೈರ್ಯಗೆಡದೆ, ಹಣ್ಣಿನ ನೊಣಗಳ ಆನುವಂಶಿಕತೆಯನ್ನು ಶೋಧಿಸುತ್ತಿದ್ದ ಮತ್ತೊಬ್ಬ ಪಂಡಿತರಲ್ಲಿ ಸಹಾಯಕಿಯಾದರು. ಬಳಿಕ ಪತಿಯು ತನ್ನ ಹುಟ್ಟುನಾಡಾದ ಆರಿಗನ್ ಪ್ರಾಂತ್ಯದ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಲು, ಅವರೊಡನೆ ಅಲ್ಲಿಗೆ ಹೋಗಿ ತಾವೂ ಕ್ರಿಮಿಶಾಸ್ತ್ರವನ್ನು ಬೋಧಿಸಿದರು. 1922ರಲ್ಲಿ ದಂಪತಿಗಳು ನ್ಯೂಯಾರ್ಕಿಗೆ ಹಿಂದಿರುಗಿದರು.

ಆಗ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ ಹೋಮರ್ ಸ್ವಿಫ್ಟ್ ಎಂಬ ವೈದ್ಯರು ರುಮ್ಯಾಟಿಕ್ ಜ್ವರದ ಮೂಲವನ್ನು ಹುಡುಕುತ್ತಿದ್ದರು. ರಕ್ತವನ್ನು ಹಸುರಾಗಿಸುವ ಸ್ಟ್ರೆಪ್ಟೊಕಾಕಸ್‌ಗಳೇ ಈ ಜ್ವರಕ್ಕೆ ಕಾರಣವೆಂದು ಅಂದು ಹಲವರು ನಂಬಿದ್ದರು. ಅಮ್ಮನವರು ಸ್ವಿಫ್ಟರ ಪ್ರಯೋಗಶಾಲೆಯಲ್ಲಿದ್ದುಕೊಂಡು ಈ ಹಸುರು ಜಾತಿಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಅವು ಈ ರೋಗಕ್ಕೆ ಕಾರಣವಲ್ಲವೆಂದು ಕಂಡುಬಂದಿತು. ಈ ಕೆಲಸಕ್ಕಾಗಿ 1925ರಲ್ಲಿ ಕೊಲಂಬಿಯ ವಿಶ್ವವಿದ್ಯಾನಿಲಯವು ಅವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಇಲ್ಲವೆಂಬ ಉತ್ತರವೂ ಒಂದು ಉತ್ತರವೇ. ತಪ್ಪು ದಾರಿಯನ್ನು ಮುಚ್ಚಿದವರು ಸರಿಯಾದ ದಾರಿಯನ್ನು ಅರ್ಧ ತೆರೆದಂತೆಯೇ ಸರಿ. ಅಮ್ಮನವರು ಹಸುರು ಜಾತಿಗಳನ್ನು ಬದಿಗಿಟ್ಟು, ತಮ್ಮ ಮೊದಲಿನ ಪರಿಚಯದ, ರಕ್ತವನ್ನು ಕರಗಿಸುವ ಜಾತಿಗಳಿಗೆ ಮರಳಿದರು. ಮತ್ತೆ ಕೊನೆಯವರೆಗೂ ಬಿಡಲಿಲ್ಲ.

ಕ್ರಿಮಿಯ ಮೈಮೇಲಿನ ಗುರುತುಗಳು

ಕ್ರಿಮಿಗಳನ್ನು ಆಮ್ಲವನ್ನು ಬೆರಸಿದ ನೀರಿನಲ್ಲಿ ಕೆಲವು ನಿಮಿಷಗಳ ಕಾಲ ಕುದಿಸಿದರೆ ಅವುಗಳ ಮೈಮೇಲಿನ ಪದಾರ್ಥಗಳು ಕರಗಿ ನೀರಿಗೆ ಬರುತ್ತವೆ. ಈ ಕಷಾಯವನ್ನು ತಣಿಸಿ, ತಿಳಿಗೊಳಿಸಿ, ಸಣ್ಣ ನಳಿಗೆಯಲ್ಲಿ ಮೊಲದ ಸೀರಂನೊಡನೆ ಕೂಡಿಸಿದಾಗ, ಹೊಂದಿಕೆಯಿದ್ದಲ್ಲಿ ಬಿಳಿಯ ಮೋಡದಂತೆ ಗಸಿ ಕಟ್ಟುವುದು. ಹೊಂದಿಕೆಯಿಲ್ಲದಿದ್ದರೆ ದ್ರವವು ತಿಳಿಯಾಗಿಯೇ ಉಳಿಯುವುದು. ನೋಡುವವರಿಗೆ ಇದು ಬಹು ಸಾಮಾನ್ಯವಾದ ಕೆಲಸ. ಆದರೆ ಈ ಬಿಳಿಯ ಮೋಡವನ್ನು ಸಾವಿರಾರು ಸಲ ತಾಳ್ಮೆಯಿಂದ ಪರೀಕ್ಷಿಸಿ, ಅಮ್ಮನವರು ಎರಡು ಮುಖ್ಯ ಸಂಗತಿಗಳನ್ನು ಬೇರ್ಪಡಿಸಿದರು.

1928ರಲ್ಲಿ ಪ್ರಕಟವಾದ ಅವರ ಲೇಖನಮಾಲೆಯಲ್ಲಿ ಮೊದಲನೆಯ ಸಂಗತಿಯು ಸ್ಪಷ್ಟವಾಯಿತು. ಒಂದು ವಿಧದ ಕ್ರಿಮಿಯನ್ನು ಮತ್ತೊಂದು ವಿಧದಿಂದ ಬೇರೆಯೆಂದು ತೋರಿಸುವ ಪದಾರ್ಥವು ಪ್ರೋಟೀನ್ ಜಾತಿಯದು. ಅವರ ಹಿಂದಿನ ಗುರುಗಳಾದ ಏವರಿಯವರು ನ್ಯುಮೋನಿಯದ ಕ್ರಿಮಿಗಳಲ್ಲಿ ಇಂಥ ಗುರುತು ಶರ್ಕರ ಜಾತಿಯದೆಂದು ಕಂಡಿದ್ದರು. ಇಲ್ಲಿಯೂ ಹಾಗೆಯೇ ಇದ್ದೀತೆಂದು ಯಾರಿಗಾದರೂ ತೋರುವುದು ಸಹಜ. ಗುರುಗಳ ಮಾತು ಎಷ್ಟೇ ದೊಡ್ಡದಾಗಿರಲಿ, ನಳಿಗೆಯಲ್ಲಿ ಕಂಡುದನ್ನೇ ಅಮ್ಮನವರು ನಂಬಿದರು. ಮಂಕಾದ, ಹೊಳಪಿಲ್ಲದ ಮೈಯುಳ್ಳ ಕ್ರಿಮಿರಾಶಿಗಳಲ್ಲಿ ಈ ಪ್ರೋಟೀನ್ ಹೆಚ್ಚಾಗಿರುತ್ತಿದ್ದುದರಿಂದ, ಮಂಕು ಎಂಬರ್ಥದ ಇಂಗ್ಲಿಷ್ ಮಾತಿನ ಮೊದಲಕ್ಷರವನ್ನು ಹಿಡಿದು ಇದಕ್ಕೆ ‘ಎಂ’ ಪ್ರೋಟೀನ್ ಎಂದು ಹೆಸರಾಯಿತು. ಈ ಪ್ರೋಟೀನ್ ಇರುವ ಕ್ರಿಮಿಯನ್ನು ರಕ್ತದ ಬಿಳಿಯ ಕಣಗಳು ನುಂಗಲಾರವು. ಅದೇ ಪ್ರೋಟೀನಿಗೆ ಎದುರಾದ ಪ್ರತಿಕಾಯವು ರಕ್ತದಲ್ಲಿದ್ದರೆ ಮಾತ್ರ ಬಿಳಿಯ ಕಣಗಳು ಅದನ್ನು ಹಿಡಿದು ನುಂಗುತ್ತವೆ. ಒಂದು ವಿಧದ ವಿರುದ್ಧವಾದ ಪ್ರತಿಕಾಯವು ಇನ್ನೊಂದು ವಿಧವನ್ನು ತಡೆಯದು. ಒಂದೇ ಮಗುವಿಗೆ ಈ ಗಂಟಲು ರೋಗವು ಮೇಲಿಂದ ಮೇಲೆ ಬರುವುದೇಕೆಂಬುದು ಇದರಿಂದ ತಿಳಿಯಿತು.

ಎರಡನೆಯ ಸಂಗತಿಯು ಇನ್ನೂ ವಿಶಾಲವಾದುದು. ಕ್ರಿಮಿಯ ಗೋಡೆಯಲ್ಲಿ ಶರ್ಕರ ಜಾತಿಯ ಬೇರೊಂದು ಪದಾರ್ಥವಿದ್ದು, ಅದು ಅನೇಕ ವಿಧಗಳಿಗೆ ಸಮಾನವಾಗಿರುವುದೆಂದು ಅವರು ಅರಿತರು. ವಿಧವು ಒಂದು ಮನೆಯಾದರೆ ಈ ಪದಾರ್ಥವು ಕುಲದ ಗುರುತು. 1933ರಲ್ಲಿ ಅವರು ಮನುಷ್ಯರಿಂದಲೂ ದನ ಮುಂತಾದ ಪ್ರಾಣಿಗಳಿಂದಲೂ ಹಾಲು ಗಿಣ್ಣುಗಳಿಂದಲೂ ದೊರೆತ 106 ಬಗೆಯ ಕ್ರಿಮಿಗಳನ್ನು ಪರೀಕ್ಷಿಸಿ, ಅವನ್ನು ‘ಎ’ಯಿಂದ ‘ಇ’ಯವರೆಗೆ 5 ಗುಂಪುಗಳಾಗಿ ವಿಂಗಡಿಸಿದರು. ಮನುಷ್ಯರಿಗೆ ವ್ಯಾಧಿಯನ್ನುಂಟುಮಾಡಿದವುಗಳು ಬಹುಮಟ್ಟಿಗೆ ‘ಎ’ ಗುಂಪಿನವೇ ಆಗಿದ್ದುವು. ‘ಬಿ’ ಗುಂಪಿನವು ಹಸುಗಳಿಂದ ಬಂದವು. ಇತರರು ಮುಂದೆ ಈ ಅಕ್ಷರಮಾಲೆಯನ್ನು ಬೆಳೆಸುತ್ತ ಹೋದರು. ಇಂದಿಗೂ ಲೋಕದ ಪ್ರತಿಯೊಂದು ವೈದ್ಯ ವಿದ್ಯಾಲಯದಲ್ಲಿಯೂ ವಿದ್ಯಾರ್ಥಿಗಳು ಲ್ಯಾನ್ಸ್‌ಫೀಲ್ಡ್ ಗುಂಪುಗಳೆಂದು ಇವನ್ನೇ ಕಲಿಯುತ್ತಾರೆ.

ಈ ವಿಂಗಡಣೆಯು ಪಂಡಿತರ ವಿನೋದಕ್ಕೆ ಮಾತ್ರವಾಗಿದ್ದುದಲ್ಲ. ಹೆರಿಗೆಯಾದ ಕೆಲವು ದಿನಗಳಲ್ಲಿಯೇ ಜ್ವರವೇರಿ ಬಾಣಂತಿಯರು ಸಾಯುತ್ತಿದ್ದ ಕಾಲವದು. ಇಂಗ್ಲೆಂಡಿನಿಂದ ಬಂದ ರೊನಾಲ್ಡ್ ಹೇರ್ ಎಂಬವರೊಡನೆ ಅಮ್ಮನವರು 1935ರಲ್ಲಿ ನಡೆಯಿಸಿದ ಪರೀಕ್ಷೆಯಿಂದ, ಘೋರವಾದ ಬಾಣಂತಿ ಜ್ವರದಲ್ಲಿ ಕಾಣುವ ಕ್ರಿಮಿಗಳು ‘ಎ’ ಗುಂಪಿಗೆ ಸೇರಿದವೆಂದೂ, ಆರೋಗ್ಯವಂತರಾದ ತಾಯಂದಿರಲ್ಲಿ ಕಾಣುವವುಗಳು ಬಹುಮಟ್ಟಿಗೆ ಬೇರೆ ಗುಂಪುಗಳವೆಂದೂ ತಿಳಿಯಿತು. ಸ್ಟ್ರೆಪ್ಟೊಕಾಕಸ್ ಕಂಡಿತೆಂದು ಎಲ್ಲರಿಗೂ ಹೆದರುವ ಬದಲು ಯಾರಿಗೆ ಹೆದರಬೇಕೆಂಬುದು ಗೊತ್ತಾಯಿತು. ನ್ಯೂಯಾರ್ಕಿನಲ್ಲಿಯೇ ಕೋಬರ್ನ್ ಎಂಬ ವೈದ್ಯರು, ರುಮ್ಯಾಟಿಕ್ ಜ್ವರವು ರಕ್ತವನ್ನು ಕರಗಿಸುವ ಸ್ಟ್ರೆಪ್ಟೊಕಾಕಸ್‌ನ ಗಂಟಲು ರೋಗವನ್ನು ಹಿಂಬಾಲಿಸಿ ಬರುವುದೆಂದು 1931ರಲ್ಲಿ ತೋರಿಸಿದ್ದರು. ಆ ಕ್ರಿಮಿಯ ಕುಲವು ‘ಎ’ ಎಂಬುದು ಈಗ ನಿಶ್ಚಯವಾಯಿತು.

ವಿವಾದ ಮತ್ತು ಯುದ್ಧಸೇವೆ

ಲಂಡನ್ನಿನಲ್ಲಿ ಫ್ರೆಡರಿಕ್ ಗ್ರಿಫಿತ್ ಎಂಬ ಮಹಾಪಂಡಿತರೂ ಈ ಕ್ರಿಮಿಗಳ ವಿಧಗಳನ್ನು ಗುರುತಿಸುತ್ತಿದ್ದರು. ಅವರ ಪದ್ಧತಿಯು ಬೇರೆಯಾಗಿದ್ದಿತು. ಇಬ್ಬರ ಫಲಗಳೂ ಎಲ್ಲ ಕಡೆಗಳಲ್ಲಿ ಹೊಂದುತ್ತಿರಲಿಲ್ಲ. ಅಮ್ಮನವರು ವಾಗ್ವಾದಕ್ಕಿಳಿಯದೆ, ಕ್ರಿಮಿಗಳನ್ನು ಒಬ್ಬರಿಂದೊಬ್ಬರು ತರಿಸಿಕೊಂಡು ಪರೀಕ್ಷಿಸುವುದೇ ಸರಿಯೆಂದು ಎಣಿಸಿದರು. ಕೊನೆಗೆ, ಕ್ರಿಮಿಯ ಮೈಮೇಲೆ ‘ಎಂ’ ಅಲ್ಲದೆ ‘ಟಿ’ ಎಂಬ ಇನ್ನೊಂದು ಪದಾರ್ಥವೂ ಇರುವುದೆಂದೂ, ಗ್ರಿಫಿತ್ತರ ಪದ್ಧತಿಯಲ್ಲಿ ಅದು ಕೂಡ ತೋರಿಬರುತ್ತಿದ್ದಿತೆಂದೂ 1940ರಲ್ಲಿ ಅವರು ವಿವರಿಸಿದರು. ಇಬ್ಬರೂ ತಾವು ಕಂಡುದನ್ನು ಸರಿಯಾಗಿಯೇ ಹೇಳಿದ್ದರು. ಕಂಡ ವಸ್ತುಗಳು ಎರಡಾಗಿದ್ದುವು. ಮರುವರುಷವೇ ಲಂಡನ್ನಿನ ಮೇಲೆ ಬಾಂಬುಗಳು ಬಿದ್ದಾಗ ಗ್ರಿಫಿತ್ತರು ಮಡಿದರು.

1943ರಲ್ಲಿ ಅಮ್ಮನವರು ಒಂದು ಚಮತ್ಕಾರವಾದ ಪ್ರಯೋಗವನ್ನು ಮಾಡಿದರು. ಪ್ರೋಟೀನುಗಳನ್ನು ಜೀರ್ಣಮಾಡುವ ಟ್ರಿಪ್ಸಿನ್ ಎಂಬ ರಸವನ್ನು ಜೀವಂತ ಕ್ರಿಮಿಗಳ ಮೇಲೆ ಹಾಕಿದರೆ ‘ಎಂ’ ಪ್ರೋಟೀನ್ ಅಳಿದುಹೋಗುವುದು, ಆದರೆ ಕ್ರಿಮಿಯು ಸಾಯುವುದಿಲ್ಲ. ಅದನ್ನು ಮತ್ತೆ ಬೆಳೆಯಲು ಬಿಟ್ಟರೆ ‘ಎಂ’ ಪ್ರೋಟೀನ್ ಮರಳಿ ಮೂಡುವುದು. ಆದುದರಿಂದ ಈ ವಸ್ತುವು ಕ್ರಿಮಿಯ ಹೊರಮೈಯಲ್ಲಿಯೇ ಇದೆಯೆಂದೂ, ಕುರಿಯ ಉಣ್ಣೆಯಂತೆ ಕತ್ತರಿಸಿದರೆ ಪ್ರಾಣಕ್ಕೆ ಅಪಾಯವಿಲ್ಲದೆ ಮತ್ತೆ ಬೆಳೆಯುವಂಥದೆಂದೂ ಊಹಿಸಬಹುದಾಗಿದ್ದಿತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ದ್ವಿತೀಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಶಿಬಿರಗಳಲ್ಲಿ ಗಂಟಲು ರೋಗವೂ ರುಮ್ಯಾಟಿಕ್ ಜ್ವರವೂ ಹಬ್ಬಲು, ಅಮ್ಮನವರು ಸರಕಾರದ ಸ್ಟ್ರೆಪ್ಟೊಕಾಕಸ್ ಆಯೋಗದೊಡನೆ ದುಡಿದರು. ಪತ್ತೆಯಾಗದ ಕ್ರಿಮಿಗಳು ಎಲ್ಲೆಡೆಗಳಿಂದಲೂ ಅವರ ಮೇಜಿಗೆ ಬರುತ್ತಿದ್ದುವು. ಕಳ್ಳರನ್ನು ಹಿಡಿಯುವುದರಲ್ಲಿ ಹೆಸರಾದ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಸಮಾನವೆಂದು ಅವರ ಪ್ರಯೋಗಶಾಲೆಯನ್ನು ಜನರು ಕರೆಯತೊಡಗಿದರು. ಯುದ್ಧವು ಮುಗಿದ ಮೇಲೆ ವಾಯೊಮಿಂಗ್ ಪ್ರಾಂತ್ಯದ ಒಂದು ಸೈನಿಕ ನೆಲೆಯಲ್ಲಿ ರ‍್ಯಾಮೆಲ್‌ಕಾಂಪ್ ಮತ್ತು ಅವರ ಸಂಗಡಿಗರು, ಈ ಗಂಟಲು ರೋಗಕ್ಕೆ ತಕ್ಕ ಕಾಲದಲ್ಲಿ ಪೆನಿಸಿಲಿನ್ ಕೊಟ್ಟರೆ ರುಮ್ಯಾಟಿಕ್ ಜ್ವರವು ಬಾರದೆಂಬುದನ್ನು 1950ರಲ್ಲಿ ಪ್ರಕಟಿಸಿದರು. ವ್ಯಾಧಿಯ ಬೇರನ್ನು ಗುರುತಿಸಿದವರ ಶ್ರಮವು ಹೀಗೆ ಫಲಕೊಟ್ಟಿತು. ಒಂದು ವಿಧದ ‘ಎಂ’ ಪ್ರೋಟೀನಿಗೆ ಎದುರಾದ ಪ್ರತಿಕಾಯಗಳು ಮನುಷ್ಯರ ರಕ್ತದಲ್ಲಿ ಹಲವು ವರುಷಗಳವರೆಗೆ, ಕೆಲವರಲ್ಲಿ ದಶಕಗಳವರೆಗೂ, ಉಳಿಯುವುದೆಂಬುದನ್ನು ಅಮ್ಮನವರೇ 1959ರಲ್ಲಿ ತೋರಿಸಿಕೊಟ್ಟರು.

ಕಾಣದುದು ಕಂಡ ಬಗೆ

ಇಷ್ಟೆಲ್ಲ ನಡೆದರೂ ‘ಎಂ’ ಪ್ರೋಟೀನನ್ನು ಯಾರೂ ಕಣ್ಣಿನಿಂದ ಕಂಡಿರಲಿಲ್ಲ. ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಕ್ರಿಮಿಯು ಒಂದು ಚುಕ್ಕೆಯಂತೆ ಕಾಣುವುದೇ ಹೊರತು ಅದರ ಮೈಮೇಲಿನ ವಿವರಗಳು ಕಾಣವು. ಬೆಳಕಿನ ಅಲೆಗಿಂತ ಬಹಳ ಸಣ್ಣದಾದ ವಸ್ತುವನ್ನು ಬೆಳಕು ತೋರಿಸಲಾರದು. 1931ರಲ್ಲಿ ಬರ್ಲಿನ್ ನಗರದಲ್ಲಿ ನೋಲ್ ಮತ್ತು ರುಸ್ಕ ಎಂಬವರು ಬೆಳಕಿಗೆ ಬದಲಾಗಿ ಎಲೆಕ್ಟ್ರಾನುಗಳೆಂಬ ವಿದ್ಯುತ್ಕಣಗಳನ್ನು ಹಾಯಿಸುವ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. ಇದು ಮುಂದೆ ಸುಧಾರಿಸಿ, ಕ್ರಿಮಿಯನ್ನು ಅತಿ ತೆಳುವಾದ ಹಲ್ಲೆಗಳಾಗಿ ಕತ್ತರಿಸಿ ನೋಡುವ ಕೌಶಲವೂ ಬೆಳೆದಾಗ, ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್‌ನ ಗೋಡೆಯ ಹೊರಗೆ ನವಿರಾದ ರೋಮಗಳಂಥವು ಸುತ್ತಲೂ ಕಂಡುವು.

ಆದರೆ ಕಂಡ ಮಾತ್ರಕ್ಕೆ ತಿಳಿದಂತಾಗಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವು ಕಪ್ಪು ಬಿಳುಪಿನ ನೆರಳು ಮಾತ್ರ. ಆ ರೋಮಗಳು ‘ಎಂ’ ಪ್ರೋಟೀನೋ, ‘ಟಿ’ ಪದಾರ್ಥವೋ, ಗೋಡೆಯ ಶರ್ಕರವೋ, ಬೇರಾವುದೋ ಎಂದು ನೆರಳು ಹೇಳಲಾರದು. ಜಾತ್ರೆಯ ಜನಸಂದಣಿಯಲ್ಲಿ ನಿಂತವರೆಲ್ಲರೂ ದೂರದಿಂದ ಒಂದೇ ತೆರನಾಗಿ ಕಂಡರೂ, ನಮ್ಮವರ ಕೈಯಲ್ಲಿ ಒಂದು ದೀಪವಿದ್ದರೆ ಅವರೆಲ್ಲಿರುವರೆಂದು ತಿಳಿಯುವಂತೆ, ಇಲ್ಲಿಯೂ ಪ್ರತಿಕಾಯದ ಕೈಗೆ ಒಂದು ಗುರುತನ್ನು ಕೊಡಬೇಕಾಗಿದ್ದಿತು. ಪ್ರತಿಕಾಯವು ತಾನಾಗಿಯೇ ಸರಿಯಾದ ವಸ್ತುವನ್ನು ಹುಡುಕಿ ಹಿಡಿಯುವುದು ನಿಜ. ಆದರೆ ಆ ಪ್ರತಿಕಾಯವೇ ಎಲೆಕ್ಟ್ರಾನುಗಳ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣಿಸದು.

ಈ ತೊಡಕನ್ನು 1959ರಲ್ಲಿ ಸಿಂಗರ್ ಎಂಬ ಅಮೇರಿಕದ ವಿಜ್ಞಾನಿಯು ಬಿಡಿಸಿದರು. ಪ್ರಾಣಿಗಳ ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಫೆರಿಟಿನ್ ಎಂಬ ಒಂದು ಪ್ರೋಟೀನಿದೆ. ಕುದುರೆಯ ಗುಲ್ಮದಿಂದ ಅದನ್ನು ತೆಗೆಯುತ್ತಾರೆ. ಒಂದೊಂದು ಕಣದ ಒಡಲಿನಲ್ಲಿ ಸಾವಿರಾರು ಕಬ್ಬಿಣದ ಪರಮಾಣುಗಳು ಅಡಗಿರುವುದರಿಂದ ಅದು ಎಲೆಕ್ಟ್ರಾನುಗಳನ್ನು ತಡೆದು ಚಿತ್ರದಲ್ಲಿ ಕರಿಯ ಚುಕ್ಕೆಯಾಗಿ ಕಾಣುವುದು. ಈ ಫೆರಿಟಿನನ್ನು ಪ್ರತಿಕಾಯಕ್ಕೆ ರಾಸಾಯನಿಕವಾಗಿ ಕಟ್ಟಿದರೆ, ಪ್ರತಿಕಾಯವು ಹೋಗಿ ಹಿಡಿದಲ್ಲೆಲ್ಲ ಕರಿಯ ಚುಕ್ಕೆಯು ಮೂಡುವುದು.

1969ರಲ್ಲಿ ಸ್ವಾನ್ಸನ್, ಹ್ಸು, ಗಾಟ್‌ಶ್ಲಿಕ್ ಎಂಬ ಮೂವರು ಈ ಉಪಾಯವನ್ನು ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್‌ಗೆ ಅನ್ವಯಿಸಿದರು. ‘ಎಂ’ ಪ್ರೋಟೀನನ್ನು ಹಿಡಿಯುವ ಪ್ರತಿಕಾಯಕ್ಕೆ ಫೆರಿಟಿನನ್ನು ಕಟ್ಟಿ, ಕ್ರಿಮಿಗಳೊಡನೆ ಕೂಡಿಸಿ, ಅಂಟದೆ ಉಳಿದುದನ್ನು ತೊಳೆದು, ಹಲ್ಲೆ ಮಾಡಿ ನೋಡಿದಾಗ, ಕರಿಯ ಚುಕ್ಕೆಗಳು ಆ ರೋಮಗಳ ಮೇಲೆಯೇ ಸಾಲುಗಟ್ಟಿದ್ದುವು. ಕ್ರಿಮಿಗಳ ಮೇಲೆ ಟ್ರಿಪ್ಸಿನ್ ರಸವನ್ನು ಹಾಕಿದಾಗ ರೋಮಗಳೂ ಇಲ್ಲವಾದುವು. 26 ವರುಷಗಳ ಹಿಂದೆ ಅಮ್ಮನವರು ನಳಿಗೆಯಲ್ಲಿ ಮೋಡವು ಕಟ್ಟುವುದನ್ನೂ ಕಟ್ಟದಿರುವುದನ್ನೂ ನೋಡಿ ಹೇಳಿದ್ದುದು ಇದನ್ನೇ. ಆಗ ಅವರಿಗೆ 74 ವರುಷ ವಯಸ್ಸು. ಅದೇ ರಾಕ್‌ಫೆಲರ್ ಸಂಸ್ಥೆಯಲ್ಲಿ ಇನ್ನೂ ಕೆಲಸಮಾಡುತ್ತಲೇ ಇದ್ದರು.

ಇಂಥ ಪರೀಕ್ಷೆಯಲ್ಲಿ ಮೋಸಹೋಗದಿರಲು ಬಹಳ ಎಚ್ಚರಿಕೆ ಬೇಕು. ಬೇರೆ ವಿಧದ ಕ್ರಿಮಿಗೆ ಎದುರಾದ ಪ್ರತಿಕಾಯವನ್ನು ಹಾಕಿದಾಗ ಚುಕ್ಕೆಗಳು ಮೂಡಬಾರದು. ‘ಎಂ’ ಇಲ್ಲದ ಕ್ರಿಮಿಯ ಮೇಲೆಯೂ ಮೂಡಬಾರದು. ಸೀರಂ ಶುದ್ಧವಾಗಿಲ್ಲದಿದ್ದರೆ ಚಿತ್ರವು ಎಷ್ಟೇ ಸುಂದರವಾಗಿದ್ದರೂ ಸುಳ್ಳನ್ನು ಹೇಳುವುದು. ಯಂತ್ರವು ದೊಡ್ಡದಾದಷ್ಟೂ ಅದರ ಹಿಂದಿನ ಪ್ರತಿಕಾಯವು ಪ್ರಾಮಾಣಿಕವಾಗಿರಬೇಕು. ಒಂದೊಂದು ವಿಧಕ್ಕೂ ಬೇರೆಯಾದ ಸೀರಂ ತಯಾರಿಸಿ, ಅನ್ಯ ಕ್ರಿಮಿಗಳಿಂದ ಅದನ್ನು ಸೋಸಿ, ಪರೀಕ್ಷಿಸಿ, ಸಂದೇಹವುಳಿದರೆ ಬಿಸುಟು, ಮತ್ತೆ ತಯಾರಿಸುವ ಪದ್ಧತಿಯನ್ನು ನೆಲೆಗೊಳಿಸಿದ್ದವರು ಅಮ್ಮನವರೇ. ಆದುದರಿಂದ ಆ ಚಿತ್ರದಲ್ಲಿ ಅವರ ಹೆಸರು ಇಲ್ಲದಿದ್ದರೂ ಅವರ ದುಡಿಮೆಯಿದೆ.

1971ರಲ್ಲಿ ಫಾಕ್ ಮತ್ತು ಟೇಲರ್ ಎಂಬವರು ಫೆರಿಟಿನಿಗೆ ಬದಲಾಗಿ ಅತಿ ಸಣ್ಣ ಚಿನ್ನದ ಕಣಗಳನ್ನು ಪ್ರತಿಕಾಯಗಳಿಗೆ ಅಂಟಿಸಿ, ಸಾಲ್ಮೊನೆಲ್ಲ ಎಂಬ ಕ್ರಿಮಿಯ ಹೊರಮೈಯನ್ನು ಗುರುತಿಸಿದರು. ಚಿನ್ನದ ಕಣಗಳು ಇನ್ನೂ ಕಪ್ಪಾಗಿ ಕಾಣುವುದಲ್ಲದೆ, ಬೇಕಾದ ಗಾತ್ರದಲ್ಲಿ ಅವನ್ನು ತಯಾರಿಸಬಹುದು. ಒಂದು ಪ್ರತಿಕಾಯಕ್ಕೆ ಸಣ್ಣ ಕಣವನ್ನೂ ಇನ್ನೊಂದಕ್ಕೆ ದೊಡ್ಡ ಕಣವನ್ನೂ ಕಟ್ಟಿದರೆ, ಒಂದೇ ಚಿತ್ರದಲ್ಲಿ ಎರಡು ಪದಾರ್ಥಗಳ ಸ್ಥಾನಗಳನ್ನು ಅರಿಯಬಹುದು. ಕ್ರಿಮಿಗಳ ರೋಮಗಳನ್ನೂ ಕೋಶದ ಹೊದಿಕೆಗಳನ್ನೂ ಗುರುತಿಸುವುದಕ್ಕೆ ಈ ಚಿನ್ನದ ಪದ್ಧತಿಯು ಇಂದಿಗೂ ಬಳಕೆಯಲ್ಲಿದೆ.

ಗೌರವಗಳು, ಗುಣಗಳು, ಅಂತ್ಯ

ಗೌರವಗಳು ಅಮ್ಮನವರನ್ನು ತಡವಾಗಿಯೇ ಹುಡುಕಿಕೊಂಡು ಬಂದುವು. 1943ರಲ್ಲಿ ಅಮೇರಿಕದ ಕ್ರಿಮಿಶಾಸ್ತ್ರಜ್ಞರ ಸಂಘಕ್ಕೆ ಅಧ್ಯಕ್ಷರಾದರು; ಅವರಿಗಿಂತ ಮೊದಲು ಆ ಪೀಠವನ್ನು ಏರಿದ ಸ್ತ್ರೀಯು 1928ರಲ್ಲಿ ಅಧ್ಯಕ್ಷರಾಗಿದ್ದ ಆಲಿಸ್ ಇವಾನ್ಸ್ ಒಬ್ಬರೇ. 1961ರಲ್ಲಿ ರೋಗನಿರೋಧಶಾಸ್ತ್ರಜ್ಞರ ಸಂಘದ ಅಧ್ಯಕ್ಷ ಪದವಿಯು ದೊರೆತಾಗ, ಆ ಸ್ಥಾನದಲ್ಲಿ ಕುಳಿತ ಪ್ರಥಮ ಮಹಿಳೆಯು ಅವರಾದರು. ರಾಕ್‌ಫೆಲರ್ ಸಂಸ್ಥೆಯಲ್ಲಿ ಪೂರ್ಣ ಪ್ರಾಧ್ಯಾಪಕ ಪದವಿಯು ಲಭಿಸಿದುದು 1958ರಲ್ಲಿ, ಅಂದರೆ ಸಹಾಯಕಿಯಾಗಿ ಮೊದಲು ಸೇರಿದ 40 ವರುಷಗಳ ಮೇಲೆ. 1970ರಲ್ಲಿ ರಾಷ್ಟ್ರೀಯ ವಿಜ್ಞಾನ ಪರಿಷತ್ತಿಗೆ ಅವರನ್ನು ಆರಿಸಿದಾಗ ಅವರಿಗೆ 75 ವಯಸ್ಸಾಗಿದ್ದಿತು. ಈ ತಡಕ್ಕಾಗಿ ಕೆಲಸವನ್ನು ಸಡಿಲಬಿಟ್ಟವರಲ್ಲ. ಪದವಿಯು ಬಂದಾಗ ಕೆಲಸದ ರೀತಿಯನ್ನು ಬದಲಿಸಿದವರೂ ಅಲ್ಲ.

ಅವರು ನಿಶ್ಚಯವಾಗುವವರೆಗೆ ಯಾವುದನ್ನೂ ಪ್ರಕಟಿಸುತ್ತಿರಲಿಲ್ಲ. ತಾವು ಕೂಡಿಸಿದ ಕ್ರಿಮಿಗಳನ್ನೂ ಸೀರಂಗಳನ್ನೂ ಕೇಳಿದವರಿಗೆ ಉದಾರವಾಗಿ ಕಳುಹಿಸಿಕೊಡುತ್ತಿದ್ದರು. ಅವರ ಸಂಗ್ರಹದಲ್ಲಿ 6000ಕ್ಕೂ ಮಿಕ್ಕ ಸ್ಟ್ರೆಪ್ಟೊಕಾಕಸ್ ತಳಿಗಳಿದ್ದುವು. ಮನೆಯಲ್ಲಿಯೂ ಅವರು ಸಂತುಷ್ಟರು. 1929ರಲ್ಲಿ ಜೇನ್ ಎಂಬ ಮಗಳು ಹುಟ್ಟಿದಳು. ಬೇಸಗೆಯಲ್ಲಿ ಕುಟುಂಬವು ವುಡ್ಸ್ ಹೋಲ್ ಎಂಬ ಕಡಲತೀರದ ಊರಿಗೆ ಹೋಗಿ ಈಜು, ಟೆನಿಸು ಮುಂತಾದವುಗಳಲ್ಲಿ ಕಾಲ ಕಳೆಯುವುದು ವಾಡಿಕೆಯಾಗಿದ್ದಿತು. ಉಳಿದ ದಿನಗಳಲ್ಲಿ ನಗರದ ಅಂಚಿನ ಡಗ್ಲಸ್ಟನ್ನಿನ ಮನೆಯಿಂದ ಪ್ರಯೋಗಶಾಲೆಗೆ ಪ್ರಯಾಣ. ನಿವೃತ್ತಿಯಾದ ಮೇಲೂ ಈ ಪ್ರಯಾಣವು ನಿಲ್ಲಲಿಲ್ಲ. ಎಳೆಯ ಶಿಶುಗಳಿಗೆ ಪ್ರಾಣಾಂತಿಕವಾದ ವ್ಯಾಧಿಯನ್ನು ‘ಬಿ’ ಗುಂಪಿನ ಕ್ರಿಮಿಗಳು ತರುವುದೆಂದು ವೈದ್ಯರು ಕಂಡಾಗ, ತಾವು 1930ರ ದಶಕದಲ್ಲಿಯೇ ವಿಂಗಡಿಸಿದ್ದ ಆ ಗುಂಪಿನ ಮೇಲೆ 80ರ ಪ್ರಾಯದಲ್ಲಿ ಮತ್ತೆ ಪ್ರಯೋಗಗಳನ್ನು ನಡೆಯಿಸಿ 1975ರಲ್ಲಿ ಸಂಗಡಿಗರೊಡನೆ ಲೇಖನವನ್ನು ಪ್ರಕಟಿಸಿದರು.

1980ರ ಕೊನೆಯಲ್ಲಿ ಬಿದ್ದು ಸೊಂಟದ ಎಲುಬು ಮುರಿಯಲಾಗಿ ಪ್ರಯೋಗಶಾಲೆಗೆ ಹೋಗುವುದು ನಿಂತಿತು. 1981ನೆಯ ಇಸವಿ ಮಾರ್ಚಿ 3ರಂದು, 86ನೆಯ ವಯಸ್ಸಿನಲ್ಲಿ, ಅವರು ಈ ಲೋಕವನ್ನು ಬಿಟ್ಟರು. ಪತಿಯವರೂ ಅದೇ ವರುಷ ತೀರಿಕೊಂಡರು. ‘ಎಂ’ ಪ್ರೋಟೀನ್ ಎರಡೆಳೆಯ ಹುರಿಯಂತೆ ಹೊಸೆದುಕೊಂಡು ಕ್ರಿಮಿಯ ಗೋಡೆಯಿಂದ ಹೊರಚಾಚಿರುವುದೆಂಬ ವಿವರವು ಪ್ರಕಟವಾದುದೂ ಅದೇ 1981ರಲ್ಲಿ. ಅದನ್ನು ತೋರಿಸಿದವರಲ್ಲಿ ರಾಕ್‌ಫೆಲರಿನ ಫಿಶೆಟಿಯವರೂ ಒಬ್ಬರು.

ಅವರು ಬಿಟ್ಟುಹೋದುದು

ಇಂದು ‘ಎ’ ಗುಂಪಿನಲ್ಲಿ 200ಕ್ಕೂ ಮಿಕ್ಕ ‘ಎಂ’ ವಿಧಗಳು ತಿಳಿದಿವೆ. ಸೀರಂನಿಂದ ಗುರುತಿಸುತ್ತಿದ್ದುದನ್ನು ಈಗ ಹೆಚ್ಚಾಗಿ ಜೀನುಗಳ ಬರಹವನ್ನು ಓದಿ ಗುರುತಿಸುತ್ತಾರೆ. ವಿಧಗಳು ಇಷ್ಟೊಂದು ಇರುವುದರಿಂದಲೇ ಈ ಕ್ರಿಮಿಗೆ ತಕ್ಕ ಲಸಿಕೆಯನ್ನು ಸಿದ್ಧಪಡಿಸುವುದು ಬಹು ಕಷ್ಟವಾಗಿದೆ. ಧನಿಕ ದೇಶಗಳಲ್ಲಿ ರುಮ್ಯಾಟಿಕ್ ಜ್ವರವು ಅಪರೂಪವಾಯಿತಾದರೂ ನಮ್ಮ ಭಾರತ ದೇಶದಲ್ಲಿ ಅದು ಇನ್ನೂ ಮಕ್ಕಳನ್ನು ಬಿಟ್ಟಿಲ್ಲ. 5ರಿಂದ 15ರ ಪ್ರಾಯದವರಲ್ಲಿಯೇ ಅದರ ಭಯ ಹೆಚ್ಚು. ಆದುದರಿಂದ ತಂದೆತಾಯಂದಿರು ಒಂದನ್ನು ಮರೆಯಬಾರದು. ಮಗುವಿಗೆ ಜ್ವರದೊಡನೆ ನುಂಗಲಾರದಷ್ಟು ಗಂಟಲು ನೋವು ಬಂದರೆ ಮನೆಮದ್ದಿನಲ್ಲಿಯೇ ದಿನ ಕಳೆಯದೆ ವೈದ್ಯರಿಗೆ ತೋರಿಸಬೇಕು. ಸ್ಟ್ರೆಪ್ಟೊಕಾಕಸ್ ಎಂದು ತಿಳಿದುಬಂದರೆ, ವ್ಯಾಧಿ ತೊಡಗಿದ 9 ದಿನಗಳೊಳಗಾಗಿ ಪೆನಿಸಿಲಿನ್ ಆರಂಭಿಸಿದರೂ ಹೃದಯವನ್ನು ಕಾಪಾಡಬಹುದು. ಜ್ವರವಿಳಿಯಿತೆಂದು ಔಷಧವನ್ನು ನಡುವೆ ನಿಲ್ಲಿಸಲಾಗದು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟೋ ಮಂದಿ ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಪ್ರಯೋಗಶಾಲೆಗಳಲ್ಲಿ ಸಹಾಯಕಿಯರಾಗಿಯೂ ಇರಬಹುದು. ತಮ್ಮ ಕೆಲಸವು ಚಿಕ್ಕದು, ಯಾರ ಕಣ್ಣಿಗೂ ಬೀಳದು ಎಂದು ಅವರಿಗೆ ಒಮ್ಮೊಮ್ಮೆ ತೋರುವುದು ಸಹಜವೇ. ಲ್ಯಾನ್ಸ್‌ಫೀಲ್ಡ್ ಅಮ್ಮನವರೂ ಉಪಾಧ್ಯಾಯಿನಿಯಾಗಿ, ಸಹಾಯಕಿಯಾಗಿ, ನಡುವೆ ಕೆಲಸವಿಲ್ಲದವರಾಗಿ ಈ ದಾರಿಯನ್ನು ನಡೆದವರೇ. ನಳಿಗೆಯಲ್ಲಿ ಮೂಡಿದ ಬಿಳಿಯ ಮೋಡವನ್ನು ಪ್ರಾಮಾಣಿಕವಾಗಿ ನೋಡಿ, ಕಂಡುದನ್ನು ಕಂಡಷ್ಟೇ ಬರೆದಿಟ್ಟರು. ಕಾಲಾಂತರದಲ್ಲಿ ಬಂದ ಮಹಾಯಂತ್ರವು ಅವರ ಬರಹದಲ್ಲಿ ತಿದ್ದಬೇಕಾದುದನ್ನು ಕಾಣದೆ, ಅದಕ್ಕೆ ಚಿತ್ರವನ್ನು ಮಾತ್ರ ಸೇರಿಸಿತು.